ರೋಗಶಯ್ಯೆಯ ರಾಜೀನಾಮೆ

ಕಛೇರಿಯ ಕೆಲಸದ ಭಾರದಿಂದ ಮನಸ್ಸು ಕುಗ್ಗಿ, ನಿದ್ರೆಗೆಟ್ಟು, ವೈದ್ಯರ ಪ್ರಮಾಣಪತ್ರದ ಮೇಲೆ ರಜೆ ಪಡೆದು ಮನೆಯಲ್ಲಿರುವ ನೌಕರನು, ಆ ರಜೆಯು ಮುಗಿಯುವುದಕ್ಕೆ ಮುಂಚೆಯೇ ರಾಜೀನಾಮೆಯನ್ನು ಬರೆದು ಕಳುಹಿಸಬಹುದೇ, ಕೂಡದೇ ಎಂಬ ಪ್ರಶ್ನೆಯು ಈಚೆಗೆ ಒಬ್ಬಿಬ್ಬರ ಮನೆಯ ಗುಟ್ಟಾಗಿ ಉಳಿದಿಲ್ಲ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ತಾಲ್ಲೂಕುಗಳ ಕಛೇರಿ, ಶಾಲೆ, ಆಸ್ಪತ್ರೆಗಳ ಸಂಪರ್ಕವುಳ್ಳ ನಮ್ಮ ವಾಚಕರಲ್ಲಿ, ಇಂತಹ ಸ್ಥಿತಿಗೆ ಸಿಕ್ಕಿದ ಒಬ್ಬ ಬಂಧುವನ್ನಾಗಲಿ ಮಿತ್ರನನ್ನಾಗಲಿ ಕಾಣದವರು ವಿರಳ. ನೌಕರಿಯನ್ನು ಬಿಟ್ಟರೆ ಮನೆ ನಡೆಯದು, ಬಿಡದಿದ್ದರೆ ಜೀವ ಉಳಿಯದು ಎಂಬ ಎರಡು ಭಯಗಳ ನಡುವೆ ಅವರು ತೊಳಲುತ್ತಿದ್ದಾರೆ. ಈ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಯುಕ್ತವೆಂದು ತೋರುತ್ತದೆ. ರೋಗಶಯ್ಯೆಯಲ್ಲಿ ಬರೆದ ರಾಜೀನಾಮೆಯನ್ನು ನೌಕರನ ನಿರ್ಣಯವೆಂದು ಎಣಿಸಲಾಗದು. ಅದು ಅವನ ಕೈಹಿಡಿದು ರೋಗವು ಬರೆಸಿದ ಬರಹ. ಅದನ್ನು ಅವನು ಬರೆಯಲೂ ಬಾರದು, ಬರೆದರೆ ಮೇಲಧಿಕಾರಿಯು ಅಂಗೀಕರಿಸಲೂ ಬಾರದು. ಗುಣವಾದ ಮೇಲೆ ಬಿಡುವುದೇ ಸರಿಯೆಂದು ತೋರಿದರೆ ಆಗ ಬಿಡಲಿ. ಅದನ್ನು ತಡೆಯುವ ಹಕ್ಕು ಯಾರಿಗೂ ಇಲ್ಲ.

ಈ ವ್ಯಾಧಿಯು ಎಲ್ಲಿಂದ ಬಂದಿತೆಂಬುದನ್ನು ಮೊದಲು ನೋಡಬೇಕು. ಹಿಂದೆ ಗ್ರಾಮದ ಲೆಕ್ಕಪತ್ರಗಳನ್ನು ಶ್ಯಾನುಭೋಗರು ವಂಶಪಾರಂಪರ್ಯವಾಗಿ ನೋಡಿಕೊಳ್ಳುತ್ತಿದ್ದರು. ಆ ಪದ್ಧತಿಯಲ್ಲಿ ದೋಷಗಳು ಬೇಕಾದಷ್ಟಿದ್ದವು. 1961ರ ಗ್ರಾಮಾಧಿಕಾರ ರದ್ದಿಯಾತಿಯ ಕಾನೂನಿನಿಂದ ಅದು ತೊಲಗಿದುದಕ್ಕಾಗಿ ನಾವು ವ್ಯಥೆಪಡುವವರಲ್ಲ. ಆದರೆ ಶ್ಯಾನುಭೋಗರ ಕೆಲಸಕ್ಕೆ ಒಂದು ಋತುವಿತ್ತು. ಪಹಣಿ ಬರೆಯುವ ಕಾಲ, ಕಂದಾಯ ವಸೂಲಿಯ ಕಾಲ, ಜಮಾಬಂದಿಯ ಕಾಲ ಎಂದು ವರ್ಷವು ಭಾಗವಾಗಿರುತ್ತಿತ್ತು. ಅವರ ಸ್ಥಾನಕ್ಕೆ ಬಂದ ಗ್ರಾಮಲೆಕ್ಕಿಗನಿಗೆ, ಈಗ ಗ್ರಾಮ ಆಡಳಿತಾಧಿಕಾರಿಯೆಂಬ ದೊಡ್ಡ ಹೆಸರನ್ನು ಪಡೆದಿರುವಾತನಿಗೆ, ಋತುವೂ ಇಲ್ಲ, ಹೊತ್ತೂ ಇಲ್ಲ. ಬೆಳೆಯ ಸಮೀಕ್ಷೆ, ಪಹಣಿಗೆ ಆಧಾರ್ ಜೋಡಣೆ, ಪೌತಿ ಖಾತೆ, ಬಗರ್‌ಹುಕುಂ ಅರ್ಜಿ, ಸರ್ಕಾರಿ ಜಮೀನಿನ ತಪಾಸಣೆ ಇವೆಲ್ಲವೂ ಒಂದೇ ಮೊಬೈಲಿನೊಳಗೆ ಒಂದೇ ವೇಳೆಯಲ್ಲಿ ಬಂದು ಕೂರುತ್ತವೆ. 2024ರ ಸೆಪ್ಟೆಂಬರ್ 26ರಿಂದ ಈ ನೌಕರರು ರಾಜ್ಯದಲ್ಲೆಲ್ಲ ಮುಷ್ಕರ ಹೂಡಿದಾಗ ಅವರ ಅಹವಾಲುಗಳಲ್ಲಿ ಮುಖ್ಯವಾದುದು ಇದೇ ಆಗಿದ್ದಿತು. ಹದಿನೇಳಕ್ಕೆ ಮೇಲ್ಪಟ್ಟ ತಂತ್ರಾಂಶಗಳಲ್ಲಿ ಕೆಲಸ ಹೇಳುವ ಸರ್ಕಾರವು, ಅದಕ್ಕೆ ತಕ್ಕ ಮೊಬೈಲನ್ನೂ ಲ್ಯಾಪ್‌ಟಾಪನ್ನೂ ಕೊಡಲಿಲ್ಲ, ಕುಳಿತುಕೊಳ್ಳಲು ಮೇಜು ಕುರ್ಚಿಗಳನ್ನು ಸಹ ಕೊಡಲಿಲ್ಲ ಎಂದು ಅವರು ಮೊರೆಯಿಟ್ಟರು. 2025ರ ಫೆಬ್ರವರಿಯಲ್ಲಿ ಅದೇ ಮೊರೆಯನ್ನು ಹೊತ್ತು ಎರಡನೆಯ ಬಾರಿ ಬೀದಿಗೆ ಬಂದರು. ಒಂದು ವರ್ಗದ ನೌಕರರೆಲ್ಲ ಐದು ತಿಂಗಳೊಳಗೆ ಎರಡು ಬಾರಿ ದಫ್ತರವನ್ನು ಕೆಳಗಿಟ್ಟರೆಂದರೆ, ಅವರಲ್ಲಿ ಕೆಲವರು ಹಾಸಿಗೆ ಹಿಡಿದುದರಲ್ಲಿ ಆಶ್ಚರ್ಯವೇನಿದೆ?

ಕಂದಾಯ ಇಲಾಖೆಯೊಂದರ ಮಾತೇ ಇದಲ್ಲ. 2025ರ ಸೆಪ್ಟೆಂಬರ್ 22ರಂದು ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಯು ಪ್ರಾರಂಭವಾದಾಗ, ದಸರಾ ರಜೆಯ ಉಪಾಧ್ಯಾಯರನ್ನು ಮನೆಮನೆಗೆ ಕಳುಹಿಸಲಾಯಿತು. ಕೆಲಸ ಮುಗಿಯದೆ ಅವಧಿಯನ್ನು ಅಕ್ಟೋಬರ್ 18ರವರೆಗೆ ಎಳೆಯಬೇಕಾಯಿತು. ಅದೇ ವರ್ಷ ಹೆಗ್ಗಡದೇವನಕೋಟೆ ಮತ್ತು ಸರಗೂರು ಸೀಮೆಯಲ್ಲಿ ಹುಲಿಯ ಬಾಯಿಗೆ ರೈತರು ಬಲಿಯಾದಾಗ, ಸರ್ಕಾರವು ನವೆಂಬರ್ 7ರಂದು ನಾಗರಹೊಳೆ ಬಂಡೀಪುರಗಳ ಸಫಾರಿಯನ್ನು ನಿಲ್ಲಿಸಿ ಆ ಸಿಬ್ಬಂದಿಯನ್ನೂ ಹುಲಿ ಹುಡುಕುವ ಕೆಲಸಕ್ಕೆ ಹಚ್ಚಿತು. ಒಂದು ಕಡೆ ಕಾಡಿನ ಮೃಗ, ಇನ್ನೊಂದು ಕಡೆ ಮನೆಯವರನ್ನು ಕಳೆದುಕೊಂಡ ಗ್ರಾಮಸ್ಥರ ನ್ಯಾಯವಾದ ಕೋಪ, ಬೆನ್ನ ಹಿಂದೆ ಮೇಲಧಿಕಾರಿಯ ಫೋನು, ಈ ಮೂರರ ನಡುವೆ ಅರಣ್ಯರಕ್ಷಕನು ನಿಂತಿರಬೇಕಾಗುತ್ತದೆ. ಇನ್ನು ರಾಜ್ಯದ ಮಂಜೂರಾದ ಹುದ್ದೆಗಳಲ್ಲಿ 2.5 ಲಕ್ಷಕ್ಕೂ ಮೇಲ್ಪಟ್ಟು ಖಾಲಿಯಾಗಿವೆಯೆಂಬುದು ಈಚಿನ ವರ್ಷಗಳಲ್ಲಿ ಸರ್ಕಾರದವರೇ ಒಪ್ಪಿಕೊಂಡ ಮಾತು. ಖಾಲಿ ಕುರ್ಚಿಯ ಕೆಲಸವು ಖಾಲಿಯಾಗಿರುವುದಿಲ್ಲ. ಅದು ಪಕ್ಕದ ಕುರ್ಚಿಯವನ ಹೆಗಲಿಗೆ ಬರುತ್ತದೆ. ಸ್ತ್ರೀನೌಕರರ ಪಾಡಂತೂ ಹೇಳತೀರದು. ಕಛೇರಿಯ ಹೊರೆಯನ್ನು ಇಳಿಸಿ ಮನೆಗೆ ಬರುವ ಹೊತ್ತಿಗೆ ಮನೆಯ ಹೊರೆಯು ಅವರಿಗಾಗಿ ಕಾದು ಕುಳಿತಿರುತ್ತದೆ.

ಹೊರೆಯು ಮಿತಿಮೀರಿದರೆ ಏನಾದೀತೆಂಬುದನ್ನು ನಮ್ಮ ಜಿಲ್ಲೆಯು ಕಣ್ಣಾರೆ ಕಂಡಿದೆ. 2020ರ ಆಗಸ್ಟ್ ತಿಂಗಳಲ್ಲಿ, ಕೋವಿಡ್ ಮಾರಿಯು ಏರುತ್ತಿದ್ದ ದಿನಗಳಲ್ಲಿ, ನೆರೆಯ ನಂಜನಗೂಡಿನ ತಾಲ್ಲೂಕು ಆರೋಗ್ಯಾಧಿಕಾರಿಗಳು ಪ್ರಾಣವನ್ನು ಕಳೆದುಕೊಂಡರು. ದಿನದಿನದ ಪರೀಕ್ಷೆಗಳ ಗುರಿ ಮುಟ್ಟಿಸಬೇಕೆಂಬ ಒತ್ತಡವೇ ಇದಕ್ಕೆ ಕಾರಣವೆಂದು ಅವರ ಸಹೋದ್ಯೋಗಿಗಳು ಆಪಾದಿಸಿದರು. ಜಿಲ್ಲೆಯ ವೈದ್ಯರು ಪ್ರತಿಭಟಿಸಿದರು. ಸರ್ಕಾರದವರು ವಿಚಾರಣೆಗೆ ಆಜ್ಞೆಮಾಡಿ ಕುಟುಂಬಕ್ಕೆ ಪರಿಹಾರವನ್ನು ಸಾರಿದರು. ಪರಿಹಾರದ ಹಣವು ಹೋದವರನ್ನು ತರಲಾರದು. ಕೆಲಸದಿಂದ ಹುಟ್ಟುವ ಮನೋವ್ಯಥೆಯನ್ನು ಸೋಮಾರಿಗಳ ನೆವವೆಂದು ಹಾಸ್ಯಮಾಡುವ ಮಹಾಶಯರು ಆ ತಿಂಗಳನ್ನೊಮ್ಮೆ ಜ್ಞಾಪಿಸಿಕೊಳ್ಳುವುದು ಒಳ್ಳೆಯದು. ಹೊರದೇಶಗಳ ಅನುಭವವೂ ಬೇರೆಯಾಗಿಲ್ಲ. ಖಿನ್ನತೆ ಮತ್ತು ಆತಂಕಗಳಿಂದ ಪ್ರಪಂಚದಲ್ಲಿ ವರ್ಷಕ್ಕೆ 1,200 ಕೋಟಿ ಕೆಲಸದ ದಿನಗಳು ನಷ್ಟವಾಗುತ್ತಿವೆಯೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ 2022ರಲ್ಲಿ ಒಟ್ಟಾಗಿ ಪ್ರಕಟಿಸಿದವು.

ರೋಗವು ನಿಜವೆಂದ ಮೇಲೆ ಅದರ ಸ್ವಭಾವವನ್ನೂ ಅರಿಯಬೇಕು. ಆತಂಕಕ್ಕೊಳಗಾದವನಿಗೆ ಎದೆ ಹೊಡೆದುಕೊಳ್ಳುತ್ತದೆ, ಉಸಿರು ಸಿಕ್ಕಿಕೊಳ್ಳುತ್ತದೆ, ಅನ್ನ ಸೇರುವುದಿಲ್ಲ, ಬೆಳಗಿನ ಜಾವ ಮೂರು ಗಂಟೆಗೆ ಎಚ್ಚರವಾದರೆ ಮತ್ತೆ ಕಣ್ಣು ಮುಚ್ಚುವುದಿಲ್ಲ. ಇವೆಲ್ಲವೂ ವೈದ್ಯರಿಗೆ ಗೊತ್ತಿರುವ ಲಕ್ಷಣಗಳು; ಔಷಧಿಯಿಂದಲೂ ಹಿತವಚನದಿಂದಲೂ ಬಹುಮಟ್ಟಿಗೆ ಇಳಿಯತಕ್ಕವು. ಆದರೆ ಈ ರೋಗದಲ್ಲಿ ಒಂದು ವಂಚನೆಯಿದೆ. ಭಯಪಡಿಸುವ ವಸ್ತುವಿನಿಂದ ದೂರ ಓಡಿದ ಕೂಡಲೆ ಮನಸ್ಸಿಗೆ ಸುಖವಾಗುತ್ತದೆ. ಆ ಸುಖವನ್ನೇ ರೋಗಿಯು ವಿವೇಕವೆಂದು ತಿಳಿಯುತ್ತಾನೆ. ರಾಜೀನಾಮೆಯನ್ನು ಬರೆದ ರಾತ್ರಿ ಅವನಿಗೆ ಎಷ್ಟೋ ದಿನಗಳ ಮೇಲೆ ನಿದ್ರೆ ಬಂದರೂ ಬಂದೀತು. ಅದನ್ನು ಕಂಡ ಮನೆಯವರು ಸಹ, ಮಾಡಿದುದು ಒಳ್ಳೆಯದಾಯಿತೆನ್ನುವರು. ಮುಂದಿನ ತಿಂಗಳ ಮೊದಲ ತಾರೀಖು ಸಂಬಳವಿಲ್ಲದೆ ಬಂದಾಗ, ಮನೆ ಕಟ್ಟಿದ ಸಾಲದ ಕಂತೂ, ಮಗಳ ಕಾಲೇಜಿನ ಶುಲ್ಕವೂ, ಹೊಗೆಸೊಪ್ಪಿನ ಬೇಸಾಯಕ್ಕೆ ಮಾಡಿದ ಬ್ಯಾಂಕಿನ ಸಾಲವೂ ಒಟ್ಟಿಗೆ ಬಾಗಿಲಿಗೆ ಬಂದು ನಿಲ್ಲುತ್ತವೆ. ಹಳೆಯ ಆತಂಕವು ಹೋಯಿತು, ಅದರ ಎರಡರಷ್ಟು ಹೊಸದು ಬಂದಿತು ಎಂಬಂತಾಗುತ್ತದೆ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಾರದೆಂಬ ಗಾದೆಯು ಭಯದಲ್ಲಿ ಕೊಯ್ದ ಮೂಗಿಗೂ ಸಲ್ಲುತ್ತದೆ.

ಹೊಗೆಸೊಪ್ಪಿನ ಮಾತು ಬಂದುದರಿಂದ ಹುಣಸೂರು ಪಿರಿಯಾಪಟ್ಟಣಗಳ ರೈತರು ದಿನವೂ ಮಾಡುವ ಕೆಲಸವನ್ನೇ ಇಲ್ಲಿ ನೆನೆಯಬಹುದು. ಹಸಿ ಸೊಪ್ಪನ್ನು ಬ್ಯಾರನ್ನಿನಲ್ಲಿ ತೂಗುಹಾಕಿದ ಮೇಲೆ ಐದಾರು ದಿನಗಳು ಕ್ರಮಕ್ರಮವಾಗಿ ಉರಿಯನ್ನು ಏರಿಸುತ್ತಾರೆ. ಅವಸರಪಟ್ಟು ಮೊದಲ ದಿನವೇ ಬೆಂಕಿಯನ್ನು ಹೆಚ್ಚಿಸಿದವನ ಸೊಪ್ಪು ಬಣ್ಣಗೆಟ್ಟು ಹರಾಜು ಕಟ್ಟೆಯಲ್ಲಿ ಬೆಲೆಗೆ ಬಾರದೆ ಹೋಗುತ್ತದೆ. ಒಂದು ಎಲೆಯು ಹದವಾಗಲು ಇಷ್ಟು ತಾಳ್ಮೆ ಬೇಕಾದರೆ, ಬೆಂದ ಮನಸ್ಸು ಹದಕ್ಕೆ ಬರಲು ಕೆಲವು ವಾರಗಳು ಬೇಡವೇ?

ಇಲ್ಲಿ ಒಂದು ಆಕ್ಷೇಪವು ಬರಬಹುದು. ರಾಷ್ಟ್ರಾಭಿಮಾನಿಗಳು ರಾಜೀನಾಮೆಯನ್ನು ಹೇಡಿತನವೆಂದು ಎಂದಿಗೂ ಎಣಿಸಿಲ್ಲ. ಅದನ್ನು ಪೌರುಷದ ಗುರುತೆಂದೇ ಕೊಂಡಾಡಿದ್ದಾರೆ. ಈಗ ಬೇಡವೆನ್ನುವುದು ಹೇಗೆ? ಈ ಆಕ್ಷೇಪಕ್ಕೆ ನಮ್ಮ ಉತ್ತರವಿಷ್ಟೆ. ಸುಭಾಷ್ ಚಂದ್ರ ಬೋಸರು 1921ರಲ್ಲಿ ಐ.ಸಿ.ಎಸ್. ಪದವಿಯನ್ನು ಬಿಟ್ಟರು; ಆದರೆ ಅಣ್ಣನಿಗೆ ಪತ್ರಗಳನ್ನು ಬರೆದು, ತಿಂಗಳುಗಟ್ಟಲೆ ತೂಗಿನೋಡಿ ಬಿಟ್ಟರು. ವಿಶ್ವೇಶ್ವರಯ್ಯನವರು 1908ರಲ್ಲಿ ಮುಂಬಯಿ ಸರ್ಕಾರದ ಸೇವೆಯಿಂದ ಅವಧಿಗೆ ಮುನ್ನ ನಿವೃತ್ತರಾದರು. 1918ರಲ್ಲಿ ಮೈಸೂರಿನ ದಿವಾನಗಿರಿಯನ್ನು ಬಿಟ್ಟರು. ಎರಡು ಸಲವೂ ತಾವು ಏನನ್ನು ಬಿಡುತ್ತಿರುವೆವು, ಏತಕ್ಕೆ ಬಿಡುತ್ತಿರುವೆವು ಎಂಬುದು ಅವರಿಗೆ ಸ್ಪಷ್ಟವಾಗಿದ್ದಿತು. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು 1940ರ ದಶಕದಲ್ಲಿ, ತಮಗಿಂತ ಕಿರಿಯರಿಗೆ ಮೇಲಿನ ಸ್ಥಾನ ಕೊಟ್ಟುದನ್ನು ಸಹಿಸದೆ ಮೈಸೂರು ಸಿವಿಲ್ ಸರ್ವೀಸಿಗೆ ಶರಣು ಹೊಡೆದರು. ಮುಂದೆ ಅವರ ಲೇಖನಿಯು ನಾಡಿಗೆ ಮತ್ತಷ್ಟು ಕೊಟ್ಟಿತು. ಇವರೆಲ್ಲರೂ ತಿಳಿಯಾದ ಬುದ್ಧಿಯಿಂದ ಬಿಟ್ಟವರು. ಬಿಟ್ಟುದು ದೊಡ್ಡದೆನಿಸಿದುದು ಆ ತಿಳಿವಿನಿಂದ. ಅದೂ ಅಲ್ಲದೆ, ಅಂದು ಬಿಟ್ಟ ಕಛೇರಿಗಳು ಪರರ ಆಳ್ವಿಕೆಯವು, ಅರಸರವು. ಇಂದಿನ ತಾಲ್ಲೂಕು ಕಛೇರಿಯು ನಮ್ಮದೇ. ನಮ್ಮದೇ ಆದ ಸ್ವರಾಜ್ಯದ ಕಛೇರಿಯು ನಮ್ಮ ಮಕ್ಕಳನ್ನು ಕಾಯಿಲೆಗೆ ಕೆಡವಿ ಹೊರದಬ್ಬುವುದಾದರೆ, ಸರಿಯಾಗಬೇಕಾದುದು ಕಛೇರಿಯೇ ಹೊರತು ಹೊರಡಬೇಕಾದವನು ಮನುಷ್ಯನಲ್ಲ.

ಕುರುಕ್ಷೇತ್ರದಲ್ಲಿ ಅರ್ಜುನನಿಗೆ ಒದಗಿದುದೂ ಇಂತಹ ಅವಸ್ಥೆಯೇ. ಅಂಗಾಂಗಗಳು ಕುಸಿದವು, ಬಾಯಿ ಒಣಗಿತು, ಮೈ ನಡುಗಿತು, ಹಿಡಿದ ಬಿಲ್ಲು ಜಾರಿತು. ಭಿಕ್ಷೆ ಬೇಡಿಯಾದರೂ ಬದುಕುವೆನೆಂದು ರಥದಲ್ಲಿ ಕುಳಿತುಬಿಟ್ಟನು. ಅದು ಒಂದು ರಾಜೀನಾಮೆಯಲ್ಲದೆ ಮತ್ತೇನು? ಶ್ರೀಕೃಷ್ಣನು ಮೊದಲು ಒಂದೆರಡು ಗಡುಸು ಮಾತನ್ನಾಡಿದರೂ, ಆ ರಾಜೀನಾಮೆಯನ್ನು ಅಲ್ಲಿಯೇ ಅಂಗೀಕರಿಸಲಿಲ್ಲ. ಕುಳಿತವನನ್ನು ಅಲ್ಲಿಯೇ ಬಿಟ್ಟುಹೋಗಲೂ ಇಲ್ಲ. ಅವನ ಪ್ರಶ್ನೆಗಳನ್ನೆಲ್ಲ ಕೇಳಿ ಉತ್ತರ ಕೊಟ್ಟು, ಕೊನೆಗೆ ಚೆನ್ನಾಗಿ ವಿಮರ್ಶೆಮಾಡಿ ಇಷ್ಟಬಂದಂತೆ ನಡೆಯೆಂದು ನಿರ್ಣಯವನ್ನು ಅವನಿಗೇ ಬಿಟ್ಟನು. ಮೊದಲು ಚಿತ್ತಶಾಂತಿ, ಆಮೇಲೆ ನಿರ್ಣಯ ಎಂಬ ಕ್ರಮವೇ ಅಲ್ಲಿ ನಾವು ಕಲಿಯತಕ್ಕದ್ದು. ನಮ್ಮ ಮೇಲಧಿಕಾರಿಗಳಲ್ಲಿ ಗಡುಸು ಮಾತನ್ನು ಮಾತ್ರ ಕಲಿತವರು ಬಹಳ, ಮುಂದಿನ ಅಧ್ಯಾಯಗಳನ್ನು ಓದಿದವರು ಕಡಿಮೆ.

ಇನ್ನು ಕಾನೂನಿನ ವಿಷಯ. ಭಯದಲ್ಲಿರುವವನು ನಿಯಮಗಳನ್ನು ಓದುವುದಿಲ್ಲವಾದುದರಿಂದ ಅವನ ಪರವಾಗಿ ಮನೆಯವರಾದರೂ ಓದಬೇಕು. ಕರ್ನಾಟಕ ಸಿವಿಲ್ ಸೇವಾ ನಿಯಮಗಳ ಪ್ರಕಾರ ವರ್ಷ ಒಂದಕ್ಕೆ 20 ದಿನಗಳಂತೆ ಅರ್ಧವೇತನ ರಜೆಯು ನೌಕರನ ಲೆಕ್ಕಕ್ಕೆ ಸೇರುತ್ತದೆ. ಅದರ ಅರ್ಧವನ್ನು ವೈದ್ಯರ ಪ್ರಮಾಣಪತ್ರದ ಮೇಲೆ ಪೂರ್ಣವೇತನದ ಪರಿವರ್ತಿತ ರಜೆಯಾಗಿ ಪಡೆಯಬಹುದು. ಹತ್ತು ವರ್ಷ ಸೇವೆ ಸಲ್ಲಿಸಿ ಈ ರಜೆಯನ್ನು ಮುಟ್ಟದೆ ಇರುವವನ ಲೆಕ್ಕದಲ್ಲಿ ಹಾಗೆ 100 ದಿನಗಳಿರುತ್ತವೆ. ಗಳಿಕೆ ರಜೆಯು ಬೇರೆ. ಅದೂ ತೀರಿದರೆ ವೇತನವಿಲ್ಲದ ಅಸಾಧಾರಣ ರಜೆಯುಂಟು. ಇಷ್ಟು ಬಾಗಿಲುಗಳು ತೆರೆದಿರುವಾಗ ಕಿಟಕಿಯಿಂದ ಹಾರುವುದು ಏತಕ್ಕೆ?

ರಾಜೀನಾಮೆಗೂ ಸ್ವಯಂನಿವೃತ್ತಿಗೂ ಇರುವ ಅಂತರವನ್ನು ಅನೇಕರು ಅರಿಯರು. ರಾಜೀನಾಮೆ ಕೊಟ್ಟವನ ಹಿಂದಿನ ಸೇವೆಯು ನಿಯಮದಂತೆ ಮುಟ್ಟುಗೋಲಾಗುತ್ತದೆ. ಗೊತ್ತುಪಡಿಸಿದಷ್ಟು ವರ್ಷಗಳ ಸೇವೆ ಮಾಡಿ, ಮೂರು ತಿಂಗಳ ಮುನ್ಸೂಚನೆ ಕೊಟ್ಟು ಸ್ವಯಂನಿವೃತ್ತನಾದವನಿಗೆ ಹಿಂದಿನ ಸೇವೆಯ ಫಲವು ಉಳಿಯುತ್ತದೆ. ದೆಹಲಿಯ ವಿದ್ಯುತ್ ಸಂಸ್ಥೆಯ ನೌಕರನೊಬ್ಬನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2019ರ ಡಿಸೆಂಬರಿನಲ್ಲಿ ಈ ಅಂತರವನ್ನು ಎತ್ತಿಹಿಡಿದು, ರಾಜೀನಾಮೆ ಕೊಟ್ಟವನಿಗೆ ಪಿಂಚಣಿಯಿಲ್ಲವೆಂದು ತೀರ್ಪಿತ್ತಿತು. ಒಂದು ಶಬ್ದದ ವ್ಯತ್ಯಾಸಕ್ಕೆ ಒಂದು ಆಯುಷ್ಯದ ದುಡಿಮೆ ಹೋಯಿತು. 2006ರ ಏಪ್ರಿಲ್ 1ರಿಂದ ಈಚೆಗೆ ನೇಮಕವಾಗಿ ಹೊಸ ಪಿಂಚಣಿ ಯೋಜನೆಗೆ ಸೇರಿದವರ ಹಣವು ಅವರ ಹೆಸರಿನಲ್ಲಿಯೇ ಇದ್ದರೂ, ಅವಧಿಗೆ ಮುನ್ನ ಹೊರಬಿದ್ದರೆ ಸಾಮಾನ್ಯವಾಗಿ ಅದರ ಬಹುಭಾಗವು ಒಟ್ಟಿಗೆ ಕೈಗೆ ಬಾರದು. ಈಗಾಗಲೇ ಬರೆದು ಕಳುಹಿಸಿದವರು ಕೂಡ ಧೈರ್ಯಗೆಡಬೇಕಾಗಿಲ್ಲ. ರಾಜೀನಾಮೆಯು ಅಂಗೀಕೃತವಾಗಿ ಜಾರಿಗೆ ಬರುವುದಕ್ಕೆ ಮುಂಚೆ ಅದನ್ನು ಹಿಂದಕ್ಕೆ ಪಡೆಯಬಹುದೆಂಬುದು ನ್ಯಾಯಾಲಯಗಳು ಸಾಮಾನ್ಯವಾಗಿ ಒಪ್ಪಿರುವ ತತ್ತ್ವ.

ವ್ಯಾಧಿಯು ಬಲವಾಗಿ ದೀರ್ಘಕಾಲ ನಿಂತವರಿಗೆ 2016ರ ವಿಕಲಚೇತನರ ಹಕ್ಕುಗಳ ಕಾನೂನಿನ ಆಶ್ರಯವಿದೆ. ಸೇವೆಯಲ್ಲಿರುವಾಗ ವಿಕಲತೆಗೊಳಗಾದವನನ್ನು ಸರ್ಕಾರಿ ಸಂಸ್ಥೆಯು ತೆಗೆದುಹಾಕಬಾರದು, ಅವನ ಕೈಲಾಗುವ ಬೇರೆ ಹುದ್ದೆಯನ್ನು ಅದೇ ವೇತನದ ಮೇಲೆ ಕೊಡಬೇಕು ಎಂದು ಅದು ವಿಧಿಸುತ್ತದೆ. ಮನೋವ್ಯಾಧಿಗೊಳಗಾದ ಕೇಂದ್ರ ಮೀಸಲು ಪೊಲೀಸ್ ಪಡೆಯ ಅಧಿಕಾರಿಯೊಬ್ಬರ ಮೇಲಿನ ಶಿಸ್ತುಕ್ರಮವನ್ನು 2021ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟು ರದ್ದುಪಡಿಸಿದುದನ್ನು ನಮ್ಮ ಇಲಾಖಾ ಮುಖ್ಯಸ್ಥರು ಓದಿರಬೇಕು. ಖಾಸಗಿ ಕಾರ್ಖಾನೆಯ ಕಾರ್ಮಿಕನು ಸಹ, ರಾಜ್ಯವಿಮಾ ಯೋಜನೆಗೆ ಸೇರಿದವನಾದರೆ, ವರ್ಷದಲ್ಲಿ 91 ದಿನಗಳವರೆಗೆ ಕೂಲಿಯ ನೂರಕ್ಕೆ 70 ಭಾಗವನ್ನು ಕಾಯಿಲೆಯ ಭತ್ಯೆಯಾಗಿ ಪಡೆಯಲು ಅರ್ಹನು.

ಹಾಗಾದರೆ ಗುಣವಾದ ಮೇಲೆ ಎಲ್ಲರೂ ಅದೇ ನೊಗಕ್ಕೆ ಕತ್ತು ಕೊಡಬೇಕೆಂದು ನಾವು ಹೇಳುವುದಿಲ್ಲ. ರಾತ್ರಿ ನಿದ್ರೆಯೂ ಬಾಯಿಗೆ ರುಚಿಯೂ ಹಿಂದಿರುಗಿ ಕೆಲವು ವಾರಗಳಾದ ಮೇಲೆ, ಹೆಂಡತಿ ಅಥವಾ ಗಂಡನೊಡನೆ ಕುಳಿತು, ಕಾಗದ ಲೇಖನಿ ಹಿಡಿದು ಕೆಲವು ಪ್ರಶ್ನೆಗಳನ್ನು ಹಾಕಿಕೊಳ್ಳಲಿ. ನನ್ನನ್ನು ಕೆಡವಿದುದು ಈ ವೃತ್ತಿಯೇ, ಈ ಊರಿನ ಹುದ್ದೆಯೇ, ಒಬ್ಬ ಅಧಿಕಾರಿಯೇ, ಅಥವಾ ಇಬ್ಬರ ಕೆಲಸವನ್ನು ಒಬ್ಬನು ಮಾಡಿದುದೇ? ವರ್ಗಾವಣೆಯಿಂದ ಹೋಗುವ ಕಷ್ಟಕ್ಕೆ ರಾಜೀನಾಮೆಯ ಬೆಲೆಯನ್ನು ತೆರಬೇಕೇ? ಬಿಟ್ಟ ಮೇಲೆ ಹೊಟ್ಟೆಯ ಪಾಡೇನು, ಎಷ್ಟು ತಿಂಗಳ ಮಟ್ಟಿಗೆ? ಈ ಪ್ರಶ್ನೆಗಳಿಗೆ ಶಾಂತವಾಗಿ ಉತ್ತರ ಕೊಟ್ಟುಕೊಂಡ ಮೇಲೂ ಬಿಡುವುದೇ ಲೇಸೆಂದು ತೋರಿದವನು ತಲೆಯೆತ್ತಿ ಹೊರಡಲಿ. ಕೀಳು ಮಾತನ್ನಾಡುವ ಅಧಿಕಾರಿಯ ಕೈಕೆಳಗೆ ಜೀವವನ್ನು ತೇಯುವುದು ಯಾವ ಶಾಸ್ತ್ರದಲ್ಲಿಯೂ ಧರ್ಮವೆನಿಸಿಲ್ಲ. ಹಾಗೆ ಹೊರಟವನನ್ನು ಸೋತವನೆಂದು ಕರೆಯುವವರಿಗೆ ನಮ್ಮ ಪತ್ರಿಕೆಯಲ್ಲಿ ಸ್ಥಳವಿಲ್ಲ.

ಸರ್ಕಾರದವರಿಗೂ ಮೇಲಧಿಕಾರಿಗಳಿಗೂ ನಾವು ಹೇಳುವುದು ಮೂರು ಮಾತು. ಮೊದಲನೆಯದಾಗಿ, ವೈದ್ಯಕೀಯ ರಜೆಯ ಮೇಲಿರುವವನು ಕಳುಹಿಸಿದ ರಾಜೀನಾಮೆಯನ್ನು, ಅವನು ಆರೋಗ್ಯದ ಪ್ರಮಾಣಪತ್ರದೊಡನೆ ಬಂದು ಪುನಃ ದೃಢಪಡಿಸುವವರೆಗೆ ಅಂಗೀಕರಿಸಕೂಡದೆಂದು ಒಂದು ಸುತ್ತೋಲೆಯನ್ನು ಹೊರಡಿಸಲಿ. ರಜೆಯಲ್ಲಿರುವವನಿಗೆ ಇದರಿಂದ ನಷ್ಟವಿಲ್ಲ, ಸರ್ಕಾರಕ್ಕೆ ಖರ್ಚಿಲ್ಲ. ಎರಡನೆಯದಾಗಿ, ರಜೆಯ ಮೇಲೆ ಹೋದವನ ಕೆಲಸವನ್ನು ಲಿಖಿತವಾಗಿ ಬೇರೊಬ್ಬರಿಗೆ ವಹಿಸಿ, ಅವನ ಮೊಬೈಲಿಗೆ ಕಛೇರಿಯ ಕರೆಗಳೂ ಕಾರಣ ಕೇಳುವ ನೋಟೀಸುಗಳೂ ಹೋಗದಂತೆ ಮಾಡಲಿ. ಜ್ವರ ಬಂದವನನ್ನು ಮಳೆಯಲ್ಲಿ ನಿಲ್ಲಿಸಿ ಔಷಧಿ ಕುಡಿಸಿದರೆ ಫಲವೇನು? ಮೂರನೆಯದಾಗಿ, ಹಿಂದಿರುಗಿದವನನ್ನು ಮೊದಲ ದಿನವೇ ಹಳೆಯ ಬಾಕಿಯ ರಾಶಿಯ ಮುಂದೆ ಕೂರಿಸದೆ, ಸ್ವಲ್ಪ ಕಾಲ ಹಗುರವಾದ ಕೆಲಸವನ್ನು ಕೊಡಲಿ. ಖಾಲಿ ಹುದ್ದೆಗಳನ್ನು ತುಂಬುವುದೇ ಇದಕ್ಕೆಲ್ಲ ಮೂಲ ಚಿಕಿತ್ಸೆಯೆಂಬುದನ್ನು ಮತ್ತೆ ಹೇಳಬೇಕಾಗಿಲ್ಲ.

ಊರವರ ಕರ್ತವ್ಯವೂ ಒಂದಿದೆ. ನಮ್ಮಂತಹ ಸಣ್ಣ ಪಟ್ಟಣಗಳಲ್ಲಿ ಮನಸ್ಸಿನ ಕಾಯಿಲೆಯೆಂದ ಕೂಡಲೆ ತಲೆಕೆಟ್ಟಿತೆಂಬ ಮಾತು ಹೋಟಲಿನಿಂದ ಹೋಟಲಿಗೆ ಹರಡುತ್ತದೆ. ಈ ಭಯದಿಂದಲೇ ಎಷ್ಟೋ ಮಂದಿ ಪ್ರಮಾಣಪತ್ರದಲ್ಲಿ ಬೆನ್ನುನೋವೆಂದೋ ಜ್ವರವೆಂದೋ ಬರೆಸಿಕೊಂಡು, ಇಲ್ಲದ ರೋಗಕ್ಕೆ ರಜೆಯನ್ನೂ ಇರುವ ರೋಗಕ್ಕೆ ಮೌನವನ್ನೂ ಇಟ್ಟುಕೊಳ್ಳುತ್ತಾರೆ. ಮನೋವೈದ್ಯವನ್ನು ಜಿಲ್ಲೆಯ ಹಳ್ಳಿಹಳ್ಳಿಗೆ ಮುಟ್ಟಿಸುವ ಪ್ರಯೋಗವನ್ನು ಭಾರತಕ್ಕೆ ತೋರಿಸಿಕೊಟ್ಟುದು ನಮ್ಮ ನಾಡಿನ ಬಳ್ಳಾರಿ ಜಿಲ್ಲೆ. ಅದನ್ನು 1980ರ ದಶಕದಲ್ಲಿ ನಡೆಸಿದವರು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು. ಅಂತಹ ನಾಡಿನಲ್ಲಿ ಈ ನಾಚಿಕೆಯು ಉಳಿದಿರುವುದು ಶೋಭಿಸದು. ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆಯು ಈ ನಾಲ್ಕು ತಾಲ್ಲೂಕುಗಳಿಗೂ ಬಸ್ಸಿನ ದಾರಿಯಲ್ಲಿದೆ. ಹೊರಡಲಾರದವರು 14416 ಎಂಬ ಸಂಖ್ಯೆಗೆ ಫೋನು ಮಾಡಿದರೆ, 2022ರ ಅಕ್ಟೋಬರ್ 10ರಂದು ಪ್ರಾರಂಭವಾದ ಟೆಲಿ-ಮಾನಸ್ ಸೇವೆಯ ಸಲಹೆಗಾರರು ಹಗಲೂ ರಾತ್ರಿಯೂ ಖರ್ಚಿಲ್ಲದೆ ಮಾತನಾಡುತ್ತಾರೆ. ಬದುಕೇ ಬೇಡವೆಂಬ ಯೋಚನೆಯು ಯಾರಿಗಾದರೂ ಸುಳಿದರೆ, ಅವರು ಆ ಕ್ಷಣವೇ ಮನೆಯವರಿಗೆ ತಿಳಿಸಿ ಈ ಸಂಖ್ಯೆಯನ್ನು ಒತ್ತಬೇಕು. ಮನೆಯವರು ಅವರನ್ನು ಒಂಟಿಯಾಗಿ ಬಿಡಕೂಡದು.

ತಾಳಿದವನು ಬಾಳಿಯಾನೆಂಬುದು ನಮ್ಮ ಹಿರಿಯರ ಮಾತು. ಅದನ್ನು ಹೊರೆ ಹೊರುವವನಿಗೆ ಮಾತ್ರ ಹೇಳಿ, ಹೊರಿಸುವವರು ಸುಮ್ಮನಿರುವುದು ನ್ಯಾಯವಲ್ಲ. ನೌಕರನು ಗುಣವಾಗುವವರೆಗೆ ಲೇಖನಿಯನ್ನು ತಡೆಹಿಡಿಯಲಿ. ಅಧಿಕಾರಿಯು ಅಲ್ಲಿಯವರೆಗೆ ತನ್ನ ರುಜುವನ್ನು ತಡೆಹಿಡಿಯಲಿ. ಜಿಲ್ಲಾಧಿಕಾರಿಗಳೂ ಇಲಾಖಾ ಮುಖ್ಯಸ್ಥರೂ ಈ ಸಣ್ಣ ಸುಧಾರಣೆಯನ್ನು ಮತ್ತೊಂದು ದುರ್ವಾರ್ತೆಗಾಗಿ ಕಾಯದೆ ಕೈಗೊಳ್ಳುವರೆಂದು ನಾವು ನಂಬಿದ್ದೇವೆ.